ಸೂಜಿ ಕೈಯಲ್ಲಿದ್ದರೆ ಬಾಯಿ ಬಿಡೋದು ಸುಲಭ

ಈ ಸಲ ಬಂದ ಪತ್ರಗಳಲ್ಲಿ ಹೊಲಿಗೆ ಬಗ್ಗೆ ಕೇಳಿದವರು ಕಡಿಮೆ. ಹೊಲಿಯುವವರ ಬಗ್ಗೆ ಕೇಳಿದವರೇ ಜಾಸ್ತಿ. ಒಟ್ಟಿಗೆ ಕೂತು ಕೌದಿ ಹೊಲಿಯುವ ಗುಂಪುಗಳಲ್ಲಿ ಸ್ನೇಹ ಬೆಳೆಯುತ್ತದೆ, ಗುಟ್ಟು ಹೊರಬೀಳುತ್ತದೆ, ಮುನಿಸು ಬರುತ್ತದೆ, ಒಬ್ಬರು ತೀರಿಕೊಂಡರೆ ಉಳಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಯಾಕೆ ಅಂತ ಎರಡನೇ ಪತ್ರ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ನಾವು ಕೆಲವರು ಸೇರಿ ಕೌದಿ ಹೊಲಿಯುತ್ತೇವೆ. ನಿಜ ಹೇಳಬೇಕೆಂದರೆ ಹೊಲಿಗೆಗಿಂತ ಮಾತೇ ಜಾಸ್ತಿ. ಮನೆಯಲ್ಲಿ "ಹರಟೆ ಹೊಡೆಯೋಕೆ ಹೊರಟಳು" ಅಂತ ನಗುತ್ತಾರೆ. ನನಗೆ ಅದಕ್ಕೆ ಬೇಜಾರಿಲ್ಲ. ಆದರೆ ಒಂದು ಅರ್ಥವಾಗುತ್ತಿಲ್ಲ. ನಮ್ಮಲ್ಲೊಬ್ಬರು ತಮ್ಮ ಮದುವೆ ಮುರಿದ ಕಥೆಯನ್ನು ಒಡಹುಟ್ಟಿದ ತಂಗಿಗೂ ಹೇಳಿರಲಿಲ್ಲವಂತೆ, ನಮ್ಮ ಮುಂದೆ ಹೇಳಿಬಿಟ್ಟರು. ಯಾಕೆ ಹೀಗೆ?

ಉತ್ತರ: ತಂಗಿಯ ಮುಂದೆ ಹೇಳಬೇಕಾದರೆ ತಂಗಿಯ ಮುಖ ನೋಡಬೇಕು, ಅಲ್ವಾ? ಅಷ್ಟೇ ವ್ಯತ್ಯಾಸ ಅನ್ನುವುದಿಲ್ಲ, ಆದರೆ ದೊಡ್ಡ ವ್ಯತ್ಯಾಸ ಅದೇ.

ಹೊಲಿಯುವಾಗ ಎಲ್ಲರ ಕಣ್ಣೂ ಬಟ್ಟೆಯ ಮೇಲೆ. ನೀವು ಹೇಳಿದ್ದಕ್ಕೆ ಯಾರ ಹುಬ್ಬು ಏರಿತು, ಯಾರು ಯಾರನ್ನು ನೋಡಿದರು ಅಂತ ಗಮನಿಸುವ ಕಷ್ಟವಿಲ್ಲ. ಮಾತು ಅರ್ಧಕ್ಕೆ ನಿಂತರೂ ಯಾರಿಗೂ ಮುಜುಗರವಿಲ್ಲ, ದಾರ ಕಡಿಯಲು ನಿಂತಿರಬಹುದು, ಸೂಜಿಗೆ ದಾರ ಪೋಣಿಸುತ್ತಿರಬಹುದು. ಗಂಟಲು ಕಟ್ಟಿದರೆ ನಾಲ್ಕು ಹೊಲಿಗೆ ಹಾಕಿ ಮುಂದುವರಿಸಬಹುದು, ಇಲ್ಲವೆಂದರೆ ಅಲ್ಲಿಗೇ ಬಿಟ್ಟು ಮುಂದಿನ ವಾರ ಹೇಳಬಹುದು. ಟೀಪಾಯಿಯ ಆಚೆ ಈಚೆ ಎದುರುಬದುರು ಕೂತು "ಹೇಳು, ಏನಾಯ್ತು?" ಅಂತ ಕೇಳಿದರೆ ಇಷ್ಟು ಜಾಗ ಸಿಗುವುದಿಲ್ಲ.

ಇನ್ನೊಂದು, ತಂಗಿ ಮನೆಯವಳು. ಅವಳಿಗೆ ಹೇಳಿದರೆ ಅವಳು ಏನಾದರೂ ಮಾಡಲೇಬೇಕು, ಬೈಯಬೇಕು, ಅಳಬೇಕು, ಅಮ್ಮನಿಗೆ ಫೋನ್ ಮಾಡಬೇಕು. ಗುಂಪಿನವರು ಸುಮ್ನೆ ಕೇಳಿದರೆ ಸಾಕು.

ಇದೇನು ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹೆಂಗಸರು ಚೂರು ಬಟ್ಟೆ ಜೋಡಿಸುವ ಕೆಲಸವನ್ನು ಹೆಚ್ಚಾಗಿ ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುತ್ತಿದ್ದರು. ಮೇಲಿನ ಪದರ, ನಡುವಿನ ಹತ್ತಿ, ಕೆಳಗಿನ ಅಸ್ತರು ಮೂರನ್ನೂ ಸೇರಿಸಿ ಹೊಲಿಯುವಾಗ ಮಾತ್ರ ನೆರೆಹೊರೆಯವರನ್ನು ಕರೆಯುತ್ತಿದ್ದರು. ಅದಕ್ಕೆ ದೊಡ್ಡ ಮರದ ಚೌಕಟ್ಟು ಬೇಕು, ಸುತ್ತ ಕೂರಲು ಜನ ಬೇಕು. ದೂರ ದೂರದ ಮನೆಗಳವರಿಗೆ ಸುದ್ದಿ ಸಿಗುತ್ತಿದ್ದುದು ಆ ಚೌಕಟ್ಟಿನ ಸುತ್ತಲೇ. ಮನೆಯಲ್ಲಿ ನಗುವವರಿಗೆ ಹೇಳಿ, ಹರಟೆಯೂ ಆ ಕೆಲಸದ ಭಾಗ ಅಂತ. ಕೌದಿ ಮುಗಿಯುವುದು ತಡವಾಗುತ್ತದೆ ನಿಜ. ಅವಸರ ಯಾರಿಗಿದೆ?

ಪ್ರಶ್ನೆ: ನಮ್ಮ ಗುಂಪಿನಲ್ಲಿ ನಾನು ನನ್ನ ಮಗನ ಕುಡಿತದ ವಿಷಯ ಹೇಳಿಕೊಂಡೆ. ಹದಿನೈದು ದಿನದಲ್ಲಿ ಅದು ಹೊರಗಿನವರಿಂದ ನನ್ನ ಕಿವಿಗೇ ವಾಪಸ್ ಬಂತು. ಯಾರು ಹೇಳಿದ್ದು ಅಂತ ಗೊತ್ತು. ಕೇಳಿದರೆ "ನಿನ್ನ ಹೆಸರು ಹೇಳಿಲ್ಲವಲ್ಲ" ಅನ್ನುತ್ತಾಳೆ. ಗುಂಪು ಬಿಡಲೋ, ಜಗಳ ಮಾಡಲೋ?

ಉತ್ತರ: ಎರಡೂ ಬೇಡ, ಸದ್ಯಕ್ಕೆ.

"ಹೆಸರು ಹೇಳಿಲ್ಲ" ಅನ್ನುವುದು ಚಿಕ್ಕ ಗುಂಪಿನಲ್ಲಿ ಸುಳ್ಳು ಸಮಾಧಾನ. ಎಂಟು ಜನ ಹೆಂಗಸರ ಗುಂಪು, ಒಬ್ಬರ ಮಗ ಕುಡಿಯುತ್ತಾನೆ, ಅವನು ಇಂಥ ಕೆಲಸದಲ್ಲಿದ್ದ ಅಂದರೆ ಹೆಸರು ಇನ್ನೇನು ಬೇಕು? ಅವರಿಗೆ ಅದು ಅರ್ಥವಾಗಿಲ್ಲ, ಇಲ್ಲವೇ ಅರ್ಥವಾಗಿಯೂ ಹಾಗೆ ಹೇಳುತ್ತಿದ್ದಾರೆ. ಒಮ್ಮೆ ಅವರೊಬ್ಬರನ್ನೇ ಕೂರಿಸಿಕೊಂಡು ಹೇಳಿ: "ನೀನು ಹೇಳಿದ್ದು ನನ್ನ ಕಥೆ. ಅದನ್ನು ಯಾರಿಗೆ ಹೇಳಬೇಕು ಅಂತ ನಾನು ತೀರ್ಮಾನ ಮಾಡಬೇಕಿತ್ತು." ಅಷ್ಟೇ. ಹಿಂದಿನದ್ದೆಲ್ಲ ಕೆದಕಬೇಡಿ. ಎಲ್ಲರ ಮುಂದೆ ಪಂಚಾಯ್ತಿ ಸೇರಿಸಲೂ ಬೇಡಿ. ಆಗ ಮಾತು ನಿಮ್ಮ ಮಗನ ಸುತ್ತಲೇ ತಿರುಗುತ್ತದೆ, ಯಾರು ಬಾಯಿ ಬಿಟ್ಟರು ಅನ್ನುವುದು ಹಿಂದೆ ಬೀಳುತ್ತದೆ.

ಗುಂಪಿನ ಉಳಿದವರಿಗೂ ಒಂದು ಮಾತು. ಇಂಥದ್ದು ಆದಾಗ ಎಲ್ಲರೂ ಮೊದಲು ಓಡುವುದು ಬಾಯಿ ಬಿಟ್ಟವರ ಹತ್ತಿರ, ವಿಚಾರಿಸಲು. ಮೊದಲು ಹೋಗಬೇಕಾದ್ದು ನೊಂದವರ ಹತ್ತಿರ. ಹೋಗಿ ಉಪದೇಶ ಮಾಡಬೇಡಿ. ಮಗನನ್ನು ಎಲ್ಲಿಗೆ ಸೇರಿಸಬೇಕು, ಯಾವ ಔಷಧಿ ಒಳ್ಳೆಯದು ಅಂತ ಅವರು ಕೇಳಿದರೆ ಮಾತ್ರ ಹೇಳಿ.

ಕೆಲವು ಗುಂಪುಗಳವರು ಇದಕ್ಕೆಲ್ಲ ನಿಯಮ ಬರೆದು ಗೋಡೆಗೆ ಅಂಟಿಸುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ, ಗೋಡೆ ನೋಡಿ ಯಾರೂ ಬಾಯಿ ಮುಚ್ಚುವುದಿಲ್ಲ. ಅದಕ್ಕಿಂತ ಹೇಳುವವರೇ ಮೊದಲು "ಇದು ಇಲ್ಲೇ ಇರಲಿ" ಅಂತ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಕೇಳಿದವರಿಗೆ ಆಮೇಲೆ ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ.

ಒಂದೆರಡು ತಿಂಗಳು ನೋಡಿ. ಅವರು ಮತ್ತೆ ಹಾಗೇ ಮಾಡಿದರೆ ಗುಂಪನ್ನು ನೀವು ಬಿಡಬೇಕಾಗಿಲ್ಲ, ಅವರ ಮುಂದೆ ಹೇಳುವುದನ್ನು ಬಿಟ್ಟರೆ ಸಾಕು.

ಪ್ರಶ್ನೆ: ನನ್ನ ಗಂಡ ಹೋಗಿ ಎರಡು ವರ್ಷವಾಯಿತು. ಅವರ ಅಂಗಿಗಳಿಂದ ಕೌದಿ ಮಾಡೋಣ ಅಂತ ಗೆಳತಿಯರು ಹೇಳುತ್ತಿದ್ದಾರೆ. ಆಸೆಯಿದೆ. ಆದರೆ ಕತ್ತರಿ ಹಿಡಿದರೆ ಕೈ ಮುಂದೆ ಹೋಗುವುದಿಲ್ಲ.

ಉತ್ತರ: ಕೈ ಹೋಗದಿದ್ದರೆ ಹೋಗುವವರೆಗೆ ಕಾಯಿರಿ. ಅಂಗಿಗಳು ಎಲ್ಲಿಗೂ ಓಡುವುದಿಲ್ಲ. ಗೆಳತಿಯರ ಉತ್ಸಾಹಕ್ಕೆ ಮಣಿದು ಕತ್ತರಿಸಿ ಆಮೇಲೆ ಅಳುವುದು ಬೇಡ. ಅದನ್ನು ಮತ್ತೆ ಅಂಗಿ ಮಾಡಲು ಆಗುವುದಿಲ್ಲ.

ಇಂಥ ಕೌದಿಗಳಲ್ಲಿ ನನಗೆ ತುಂಬ ಹತ್ತಿರವಾದದ್ದು ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನದು. ಅಲ್ಲಿನ ಕಪ್ಪು ಹೆಂಗಸರು ತಲೆಮಾರುಗಳಿಂದ ಹಳೆ ಬಟ್ಟೆಯಲ್ಲಿ ಕೌದಿ ಹೊಲಿದವರು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬವರು ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು, ಮಗಳು ಆರ್ಲೋನ್ಜಿಯಾಳನ್ನು ಜೊತೆಗೆ ಕೂರಿಸಿಕೊಂಡು ಒಂದು ಕೌದಿ ಮಾಡಿದರು. ಪ್ಯಾಂಟಿನ ಕಾಲುಗಳು, ಅಂಗಿಯ ತುದಿಗಳು, ಅಷ್ಟೇ. ಚಂದಕ್ಕೆ ಅಂತ ಹೊಸ ಬಟ್ಟೆ ಹುಡುಕಿಕೊಂಡು ಹೋಗಲಿಲ್ಲ. ಅವರನ್ನು ನೆನೆಯುವುದಕ್ಕೆ, ಅದನ್ನು ಹೊದ್ದು ಮಲಗುವುದಕ್ಕೆ ಮಾಡಿದ್ದು. ಅವರು ಒಬ್ಬರೇ ಕೂರಲಿಲ್ಲ ಅನ್ನುವುದನ್ನು ಗಮನಿಸಿ. ಮೊದಲ ಅಂಗಿ ಕತ್ತರಿಸುವಾಗ ಪಕ್ಕದಲ್ಲಿ ಯಾರಾದರೂ ಇರಲಿ, ಮಾತಾಡದೆ ಕೂರಬಲ್ಲವರು ಆದರೆ ಇನ್ನೂ ಒಳ್ಳೆಯದು.

ಇನ್ನು ಕೆಲಸದ ಮಾತು. ಒಂದು ಅಂಗಿ ಹಾಗೇ ಎತ್ತಿಡಿ, ಒಗೆಯಬೇಡಿ ಕೂಡ. ಅದರಲ್ಲಿ ಅವರ ವಾಸನೆ ಉಳಿದಿದ್ದರೆ ಉಳಿಯಲಿ. ಉಳಿದವನ್ನು ಒಗೆದು ಇಸ್ತ್ರಿ ಮಾಡಿ, ಒಂದೊಂದರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲು ಬೆನ್ನಿನ ಭಾಗ ಕತ್ತರಿಸಿ. ಅದು ದೊಡ್ಡ ತುಂಡು, ಸಾದಾ ತುಂಡು, ನೋಡಿದರೆ ಅಂಗಿ ಅನ್ನಿಸುವುದಿಲ್ಲ, ಅದಕ್ಕೇ ಕೈ ನಡುಗುವುದು ಕಡಿಮೆ. ಜೇಬು, ಗುಂಡಿ ಪಟ್ಟಿ ಇವನ್ನೆಲ್ಲ ಬಿಚ್ಚದೆ ಹಾಗೇ ತುಂಡಾಗಿ ತೆಗೆಯಿರಿ, ಕೌದಿಯಲ್ಲಿ ಮಕ್ಕಳು ಮೊದಲು ಕೈ ಹಾಕುವುದೇ ಆ ಜೇಬಿಗೆ. ಕಾಲರ್ ಕೊನೆಗೆ, ಬೇಕಿದ್ದರೆ ಮಾತ್ರ. ಸವೆದ ಬಟ್ಟೆಗೆ ಹೊಲಿಗೆಯ ಅಂಚು ಸ್ವಲ್ಪ ಜಾಸ್ತಿ ಬಿಡಿ, ಕಾಲು ಇಂಚಿನ ಬದಲು ಅರ್ಧ ಇಂಚು. ಟೀ ಶರ್ಟ್‌ಗಳಿದ್ದರೆ ಅವು ಹಿಗ್ಗುತ್ತವೆ, ಇಸ್ತ್ರಿ ಮಾಡಿದರೆ ಅಂಟಿಕೊಳ್ಳುವ ತೆಳು ಪೇಸ್ಟಿಂಗ್ ಬಟ್ಟೆಯನ್ನು ಹಿಂದೆ ಹಚ್ಚಿ ಆಮೇಲೆ ಕತ್ತರಿಸಿ. ಹೋಗದ ಕಲೆ ಇದ್ದರೆ ಇರಲಿ ಬಿಡಿ. ಅದು ಯಾವತ್ತಿನ ಕಲೆ ಅಂತ ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ಗುಂಪಿನ ಒಬ್ಬಳ ಮಗಳ ಮದುವೆಗೆ ಎಲ್ಲರೂ ಸೇರಿ ಕೌದಿ ಹೊಲಿಯುತ್ತಿದ್ದೇವೆ. ಒಬ್ಬರಿಗೆ ವಯಸ್ಸಾಗಿದೆ, ಕಣ್ಣು ಮಂಜು, ಅವರ ಹೊಲಿಗೆ ಉದ್ದುದ್ದ, ಸೊಟ್ಟ. ಅವರು ಹೋದ ಮೇಲೆ ಬಿಚ್ಚಿ ಮತ್ತೆ ಹೊಲಿಯೋಣ ಅಂತ ಇಬ್ಬರು ಹೇಳುತ್ತಿದ್ದಾರೆ. ಸರಿಯಾ?

ಉತ್ತರ: ಖಂಡಿತ ಬೇಡ. ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಕಣ್ಣು ಮಂಜಾಗಿರಬಹುದು, ಬೆರಳು ಮಂಜಾಗಿರುವುದಿಲ್ಲ. ತಾವು ಹಾಕಿದ ಹೊಲಿಗೆ ಮುಟ್ಟಿದರೆ ತಿಳಿಯುತ್ತದೆ. ತಿಳಿದ ಮೇಲೆ ಅವರು ಏನೂ ಹೇಳದೆ ನಿಧಾನವಾಗಿ ಬರುವುದು ನಿಲ್ಲಿಸುತ್ತಾರೆ.

ಮೇಲೆ ಹೇಳಿದ ಜೀಸ್ ಬೆಂಡಿನ ಕೌದಿಗಳನ್ನೇ ನೋಡಿ. ಗೆರೆ ಡೊಂಕು, ಚೌಕ ಓರೆ, ಅಳತೆ ಪಟ್ಟಿ ಇಟ್ಟವರು ತಲೆ ಚಚ್ಚಿಕೊಳ್ಳಬೇಕು. 2002ರಲ್ಲಿ ಅವು ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಗೋಡೆಗೇರಿದವು. ನಿಮ್ಮ ಕೌದಿಯೂ ಅಲ್ಲಿಗೆ ಹೋಗುತ್ತದೆ ಅಂತ ಹೇಳುತ್ತಿಲ್ಲ, ಸೊಟ್ಟ ಅನ್ನುವುದು ಅಂಥ ದೊಡ್ಡ ಅಪರಾಧವಲ್ಲ ಅನ್ನುತ್ತಿದ್ದೇನೆ.

ಆದರೆ ಉದ್ದ ಹೊಲಿಗೆಯಲ್ಲಿ ನಿಜವಾದ ತೊಂದರೆ ಒಂದಿದೆ. ಕಾಲಿನ ಬೆರಳು ಸಿಕ್ಕಿಕೊಳ್ಳುತ್ತದೆ, ದಾರ ಕಿತ್ತುಬರುತ್ತದೆ. ಅದಕ್ಕೆ ಬಿಚ್ಚಬೇಕಾಗಿಲ್ಲ. ಅವರ ಸಾಲಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಹೊಲಿಗೆಯ ಸಾಲು ಹಾಕಿ. ಗಟ್ಟಿಯೂ ಆಯಿತು, ಅವರದ್ದೂ ಉಳಿಯಿತು. ಅವರಿಗೆ ತಿಳಿಸಿಯೇ ಹಾಕಿ, "ಇಲ್ಲಿ ಎಳೆತ ಜಾಸ್ತಿ, ಎರಡು ಸಾಲು ಇರಲಿ" ಅಂತ. ಮುಂದಿನ ಸಲ ದಪ್ಪ ದಾರ, ದೊಡ್ಡ ಕಣ್ಣಿನ ಸೂಜಿ, ಬೆಳಕಿರುವ ಜಾಗ ಕೊಡಿ. ಬಟ್ಟೆಯ ಬಣ್ಣಕ್ಕೆ ಎದ್ದು ಕಾಣುವ ದಾರ ಕೊಟ್ಟರೆ ಅವರಿಗೆ ತಮ್ಮ ಸಾಲು ಕಾಣುತ್ತದೆ. ಆ ಹುಡುಗಿಗೆ ಇಪ್ಪತ್ತು ವರ್ಷದ ನಂತರ ನೆನಪಿರುವುದು ನಿಮ್ಮ ನೆಟ್ಟಗಿನ ಸಾಲಲ್ಲ, ಆ ಅಜ್ಜಿಯ ಸೊಟ್ಟ ಸಾಲು, ಬೇಕಾದರೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಗುಂಪಿನವರ ಕಥೆಗಳನ್ನೆಲ್ಲ ಬರೆದಿಡಬೇಕು ಅನ್ನಿಸುತ್ತಿದೆ. ಕೌದಿಯ ಮೇಲೆ ಹೆಸರು ಬರೆಯುವುದು ಜಂಬವಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ಬರೆಯಿರಿ. ಜಂಬವಾದರೆ ಆಗಲಿ. ಹೆಸರು ಇಲ್ಲದ ಕೌದಿಗಳು ಸಂಗ್ರಹಾಲಯಗಳ ತುಂಬ ಇವೆ, "ಹೊಲಿದವರು ತಿಳಿದಿಲ್ಲ" ಅನ್ನುವ ಚೀಟಿ ಅಂಟಿಸಿಕೊಂಡು.

ಹ್ಯಾರಿಯೆಟ್ ಪವರ್ಸ್ ಅಂತ ಒಬ್ಬರಿದ್ದರು. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಬೈಬಲಿನ ಕಥೆಗಳನ್ನು ಬಟ್ಟೆ ಚೂರುಗಳಲ್ಲಿ ಚಿತ್ರದ ಹಾಗೆ ಕತ್ತರಿಸಿ ಕೌದಿಗೆ ಹೊಲಿದರು. 1886ರಲ್ಲಿ ಅದನ್ನು ಒಂದು ಹತ್ತಿ ಮೇಳದಲ್ಲಿ ಇಟ್ಟಾಗ ಜೆನ್ನಿ ಸ್ಮಿತ್ ಎಂಬ ಚಿತ್ರಕಲೆ ಶಿಕ್ಷಕಿ ಕೊಳ್ಳಲು ಕೇಳಿದರು, ಇವರು ಕೊಡಲಿಲ್ಲ. ಕೆಲವು ವರ್ಷದ ನಂತರ ಕಷ್ಟ ಬಂದು ಐದು ಡಾಲರಿಗೆ ಕೊಟ್ಟರು. ಕೊಡುವಾಗ ಒಂದೊಂದು ಚೌಕದಲ್ಲಿ ಏನಿದೆ ಅಂತ ವಿವರಿಸಿ ಹೇಳಿದರು, ಕೊಂಡವರು ಅದನ್ನು ಬರೆದಿಟ್ಟುಕೊಂಡರು. ಕೊಟ್ಟ ಮೇಲೂ ತಮ್ಮ ಕೌದಿಯನ್ನು ನೋಡಲು ಹೋಗುತ್ತಿದ್ದರಂತೆ. ಈಗ ಅದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅವತ್ತು ಬರೆದಿಡದಿದ್ದರೆ ನಮ್ಮ ಪಾಲಿಗೆ ಅವು ಬರೀ ಚಂದದ ಆಕಾರಗಳಾಗಿ ಉಳಿಯುತ್ತಿದ್ದವು.

ಹೆಸರು ಬರೆಯುವುದು ಬರೀ ನೆನಪಿಗಲ್ಲ, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ. 1942ರಲ್ಲಿ ಜಪಾನೀಯರು ಸಿಂಗಾಪುರವನ್ನು ಹಿಡಿದಾಗ ಹೆಂಗಸರನ್ನೂ ಮಕ್ಕಳನ್ನೂ ಚಾಂಗಿ ಜೈಲಿಗೆ ಹಾಕಿದರು. ಗಂಡಸರು ಬೇರೆ. ಯಾರು ಬದುಕಿದ್ದಾರೆ, ಯಾರಿಲ್ಲ ಎಂದು ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಎಥೆಲ್ ಮಲ್ವನಿ ಎಂಬ ಕೆನಡಾದ ಮಹಿಳೆಯ ಮುಂದಾಳತ್ವದಲ್ಲಿ ಅಲ್ಲಿನ ಹೆಂಗಸರು ಮೂರು ಕೌದಿ ಮಾಡಿದರು, ಒಂದೊಂದರಲ್ಲಿ 66 ಚೌಕ. ಪ್ರತಿಯೊಬ್ಬರಿಗೂ ಒಂದು ಚೌಕ, ಅದರಲ್ಲಿ ತಮ್ಮದೇ ಏನಾದರೂ ಕಸೂತಿ ಹಾಕಿ ಹೆಸರು ಹೊಲಿಯಬೇಕು. ಕೌದಿಗಳು ಆಸ್ಪತ್ರೆಯ ಗಾಯಾಳುಗಳಿಗೆ ಅಂತ ಹೊರಗೆ ಹೋದವು. ನೋಡಿದ ಗಂಡಸರಿಗೆ ತಮ್ಮವರ ಹೆಸರು ಕಂಡರೆ ಇನ್ನೇನು ಬೇಕು? ಅವುಗಳಲ್ಲಿ ಎರಡು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ.

ಬರೆಯುವ ಬಗೆ: ಬಟ್ಟೆಗೆ ಅಂತಲೇ ಬರುವ, ನೀರಿಗೆ ಹೋಗದ ಪೆನ್ನು ತೆಗೆದುಕೊಳ್ಳಿ. ಮೊದಲು ಒಂದು ಚೂರಿನ ಮೇಲೆ ಬರೆದು, ಇಸ್ತ್ರಿ ಮಾಡಿ, ಒಗೆದು ನೋಡಿ. ಬರೆಯುವಾಗ ಬಟ್ಟೆ ಜಾರದಂತೆ ಕೆಳಗೆ ನುಣುಪಾದ ಮರಳು ಕಾಗದ ಇಟ್ಟುಕೊಳ್ಳಿ. ಹಿಂದಿನ ಕಾಲದ ಕಬ್ಬಿಣದ ಅಂಶವಿದ್ದ ಶಾಯಿಗಳು ಬಟ್ಟೆಯನ್ನೇ ತಿಂದುಬಿಡುತ್ತಿದ್ದವು, 1830ರ ನಂತರ ಒಳ್ಳೆಯ ಶಾಯಿ ಬಂದ ಮೇಲೆ ಅಮೆರಿಕದಲ್ಲಿ ಗೆಳತಿಯರ ಸಹಿ ಇರುವ ಕೌದಿಗಳ ಹುಚ್ಚೇ ಹಬ್ಬಿತು. ಊರು ಬಿಟ್ಟು ದೂರ ಹೋಗುವವಳಿಗೆ ಎಲ್ಲರೂ ಸಹಿ ಹಾಕಿ ಕೊಡುತ್ತಿದ್ದರು. ಪೆನ್ನಿನ ಮೇಲೆ ನಂಬಿಕೆ ಇಲ್ಲದಿದ್ದರೆ ದಾರದಲ್ಲಿ ಹೊಲಿಯಿರಿ.

ಕಥೆಗಳನ್ನು ಮಾತ್ರ ಕೇಳಿ ಬರೆಯಿರಿ. ಹೇಳಿದವರಿಗೆ ಓದಿ ತೋರಿಸಿ. ಅವರು ತೆಗೆ ಅಂದದ್ದನ್ನು ಮರುಮಾತಿಲ್ಲದೆ ತೆಗೆಯಿರಿ, ಅದೇ ಅತ್ಯಂತ ಚಂದದ ಭಾಗವಾಗಿದ್ದರೂ.

ಪ್ರಶ್ನೆ: ಹೊಸದಾಗಿ ಒಬ್ಬರು ಸೇರಿದ್ದಾರೆ. ಬರುತ್ತಾರೆ, ಹೊಲಿಯುತ್ತಾರೆ, ಹೋಗುತ್ತಾರೆ. ಒಂದು ಮಾತಿಲ್ಲ. ಏನು ಕೇಳಿ ಮಾತಾಡಿಸುವುದು?

ಉತ್ತರ: ಮದುವೆ, ಮಕ್ಕಳು, ಗಂಡನ ಕೆಲಸ ಇದ್ಯಾವುದೂ ಕೇಳಬೇಡಿ. ಕೈಯಲ್ಲಿರುವ ಬಟ್ಟೆ ತೋರಿಸಿ "ಇದು ಎಲ್ಲಿಯದು?" ಅಂತ ಕೇಳಿ. ಹಳೆ ಬಟ್ಟೆಯಾದರೆ ಅದಕ್ಕೊಂದು ಉತ್ತರ ಇರುತ್ತದೆ. "ಸುಮ್ನೆ ಮನೆಯಲ್ಲಿತ್ತು" ಅಂದರೆ ಅಲ್ಲಿಗೆ ಬಿಡಿ. ಮಾತಾಡದೆ ಬರುತ್ತಿದ್ದಾರೆ ಅಂದರೂ ಬರುತ್ತಿದ್ದಾರಲ್ಲ.

ಪ್ರಶ್ನೆ: ನಮ್ಮ ಗೆಳತಿ ಅರ್ಧ ಹೊಲಿದ ಕೌದಿ ಬಿಟ್ಟು ತೀರಿಕೊಂಡಳು. ಅವಳ ಮಕ್ಕಳು ನಮಗೆ ಮುಗಿಸಿಕೊಡಿ ಅನ್ನುತ್ತಿದ್ದಾರೆ. ಅವಳ ಹಾಗೇ ಹೊಲಿಯಬೇಕಾ?

ಉತ್ತರ: ಅವಳ ಹಾಗೆ ಹೊಲಿಯಲು ನಿಮ್ಮಿಂದ ಆಗುವುದಿಲ್ಲ. ಪ್ರಯತ್ನವನ್ನೂ ಮಾಡಬೇಡಿ. ಅವಳು ಆರಿಸಿಟ್ಟ ಬಟ್ಟೆ, ಗುರುತು ಹಾಕಿದ ಗೆರೆ ಇದ್ದರೆ ಅದನ್ನು ಅನುಸರಿಸಿ. ಹೊಲಿಗೆ ಮಾತ್ರ ನಿಮ್ಮದೇ ಇರಲಿ. ಅವಳ ಸಾಲು ಎಲ್ಲಿ ನಿಂತಿದೆಯೋ ಅಲ್ಲಿಂದ ದಾರದ ಬಣ್ಣ ಬದಲಿಸಿದರೆ ಹೇಗೆ ಅಂತ ಮಕ್ಕಳನ್ನು ಕೇಳಿ. ನನಗೆ ಅದು ಇಷ್ಟ, ಕೆಲವರಿಗೆ ನೋಡಲು ಆಗುವುದಿಲ್ಲ. ತೀರ್ಮಾನ ಅವರದ್ದು. ಹಿಂಬದಿಯಲ್ಲಿ ಅವಳ ಹೆಸರು, ಅದರ ಕೆಳಗೆ ಮುಗಿಸಿದವರ ಹೆಸರು, ವರ್ಷ.

ಗೆಳೆಯರು ಗೆಳೆಯರಿಗಾಗಿ ಹೊಲಿದದ್ದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಏಡ್ಸ್ ಸ್ಮರಣೆಯ ಕೌದಿ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಅದರ ಮೊದಲ ತುಂಡನ್ನು ಮಾಡಿದ್ದು ಏಡ್ಸ್‌ನಿಂದ ತೀರಿಕೊಂಡ ತಮ್ಮ ಗೆಳೆಯ ಮಾರ್ವಿನ್ ಫೆಲ್ಡ್‌ಮನ್‌ಗಾಗಿ. ಒಂದೊಂದು ತುಂಡು ಮೂರು ಅಡಿ ಅಗಲ, ಆರು ಅಡಿ ಉದ್ದ, ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000. ಅವುಗಳಲ್ಲಿ ಎಷ್ಟೋ ತುಂಡುಗಳನ್ನು ಹೊಲಿದವರು ಮನೆಯವರಲ್ಲ, ಸ್ನೇಹಿತರು. ಹೊಲಿಗೆ ಬಾರದವರೂ ಹೊಲಿದರು.

ನೀವು ಮುಗಿಸಲು ಕೂತಾಗ ಅವಳ ಬಗ್ಗೆಯೇ ಮಾತಾಡಿ. ಅವಳ ಮಕ್ಕಳನ್ನೂ ಒಂದು ದಿನ ಕರೆಯಿರಿ. ಅಮ್ಮ ನಿಮ್ಮ ಜೊತೆ ಕೂತಾಗ ಏನು ಹೇಳಿ ನಗುತ್ತಿದ್ದಳು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಅವಳು ಗುಟ್ಟಾಗಿ ಹೇಳಿದ್ದನ್ನು ಬಿಟ್ಟು ಉಳಿದದ್ದು ಹೇಳಿ.

ಪ್ರಶ್ನೆ: ನಾನು ನಿವೃತ್ತ. ಹೆಂಡತಿಯ ಕೌದಿ ಗುಂಪಿಗೆ ನಾನೂ ಹೋಗಬಹುದೇ? ನಗುತ್ತಾರೇನೋ.

ಉತ್ತರ: ಸ್ವಲ್ಪ ನಗುತ್ತಾರೆ, ನಗಲಿ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನಿಕರು ಸಮವಸ್ತ್ರದ ಉಣ್ಣೆ ಬಟ್ಟೆಯ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿ ಹೊಲಿದಿದ್ದಾರೆ, ಅವರಿಗಿಂತ ನೀವೇನು ಗಟ್ಟಿ ಗಂಡಸರಲ್ಲ. ಆದರೆ ಮೊದಲು ಹೆಂಡತಿಯನ್ನು ಕೇಳಿ. ಆ ಎರಡು ಗಂಟೆ ಅವರಿಗೆ ನಿಮ್ಮ ಬಗ್ಗೆ ಮಾತಾಡಲು ಬೇಕಾಗಿರಬಹುದು. ಬೇಡ ಅಂದರೆ ಬೇರೆ ಗುಂಪು ಹುಡುಕಿಕೊಳ್ಳಿ. ಬಾ ಅಂದರೆ ನಿಮ್ಮದೇ ಕತ್ತರಿ ತೆಗೆದುಕೊಂಡು ಹೋಗಿ. ಅವರ ಬಟ್ಟೆ ಕತ್ತರಿಯಲ್ಲಿ ಅಪ್ಪಿತಪ್ಪಿಯೂ ಕಾಗದ ಕತ್ತರಿಸಬೇಡಿ, ಆಮೇಲೆ ನನಗೆ ಪತ್ರ ಬರೆದು ಪ್ರಯೋಜನವಿಲ್ಲ.